ಆಟಕ್ಕೆಂದು ಎರಡು ತಾಸು ಓಣಿ ಬಂದ್ ಮಾಡುವುದು ಹೇಗೆ

ಮೊದಲು ಓಣಿಗೆ ಎಷ್ಟು ಬಾಯಿ ಇವೆ ಎಣಿಸಿ. ಎರಡೇ ಬಾಯಿ, ನೂರು-ನೂರೈವತ್ತು ಮೀಟರ್ ಉದ್ದ, ಗಾಡಿಗಳಿಗೆ ಸುತ್ತಿ ಹೋಗಲು ಬೇರೆ ದಾರಿ ಇದ್ದರೆ ಅಡ್ಡಿಯಿಲ್ಲ. ನಡುವೆ ಸಂದಿಯೊಂದು ಬಂದು ಕೂಡಿದರೆ ಅದು ಮೂರನೇ ಬಾಯಿ. ಬೈಕುಗಳು ನುಗ್ಗುವುದು ಅಲ್ಲಿಂದಲೇ. ಬಸ್ ರಸ್ತೆ, ಆಸ್ಪತ್ರೆ, ಕಲ್ಯಾಣ ಮಂಟಪ ಇರುವ ಓಣಿ ಬೇಡ.

ಗಾಡಿ ತಡೆಯುವ ಅಧಿಕಾರ ಓಣಿಯವರಿಗಿಲ್ಲ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಂ ಪ್ರಕಾರ ಅದು ಸರ್ಕಾರದ್ದು, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟವರದ್ದು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಕಿಲ್ಲ, ಸ್ಥಳೀಯರಿಗೆ ತಿಳಿಸಬೇಕು. ಬಳ್ಳಾರಿಯಲ್ಲಾದರೆ ಮೂರು ವಾರ ಮೊದಲೇ ಸಂಚಾರ ಠಾಣೆಗೆ ಅರ್ಜಿ, ಮಹಾನಗರ ಪಾಲಿಕೆಗೆ ಅದರ ಪ್ರತಿ ಕೊಡಿ. ತಾರೀಖು, ವೇಳೆ, ಕೈಯಲ್ಲೇ ಬರೆದ ನಕಾಶೆ, ಮನೆಗೊಂದು ಸಹಿ ಇರಲಿ. ಕಿರಾಣಿ ಅಂಗಡಿಯವರ, ಗೂಡ್ಸ್ ಆಟೋದವರ ಸಹಿ ಮೊದಲು ಹಾಕಿಸಿ, ತಕರಾರು ಬರುವುದು ಅವರಿಂದಲೇ. ಅರ್ಜಿ ಮೇಲೆ ಒತ್ತಿಕೊಟ್ಟ ಸ್ವೀಕೃತಿ ಮೊಹರನ್ನೇ ಅನುಮತಿ ಎಂದು ತಿಳಿಯಬೇಡಿ.

ನಲ್ಲಿ ನೀರು ಬಿಡುವ ದಿನ ಬೇಡ. ಅವತ್ತು ಓಣಿ ತುಂಬ ಪೈಪು, ಕೊಡ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಸಿಮೆಂಟ್ ರಸ್ತೆ ಐದು ಗಂಟೆಗೂ ಕಾದಿರುತ್ತದೆ. ಅಂಗೈಯ ಹಿಂಬದಿ ಊರಿ ಐದು ಎಣಿಸುವಷ್ಟರಲ್ಲಿ ಕೈ ತೆಗೆಯುವಂತಾದರೆ ಬರಿಗಾಲಿನ ಆಟ ಇನ್ನೂ ಬೇಡ. ಗಾಡಿಗಳನ್ನು ಅರ್ಧ ಗಂಟೆ ಮೊದಲೇ ಹೊರಗೆ ನಿಲ್ಲಿಸಿ. ಚರಂಡಿಯ ಒಡೆದ ಚಪ್ಪಡಿಗಳ ಮೇಲೆ ಹಲಗೆ ಹಾಕಿ.

ಅಡ್ಡಕ್ಕೆ ಹಗ್ಗ, ತಂತಿ ಮಾತ್ರ ಕಟ್ಟಲೇಬೇಡಿ. ಸಂಜೆಗತ್ತಲಲ್ಲಿ ಅದು ಕಾಣದು, ಬೈಕಿನವರ ಕುತ್ತಿಗೆಗೇ ಸಿಕ್ಕುತ್ತದೆ. ಬಾಯಿಗೆ ಮೂರು ಖಾಲಿ ಪ್ಲಾಸ್ಟಿಕ್ ಡ್ರಮ್, ತಳಕ್ಕೆ ಗಾಳಿಗೆ ಉರುಳದಷ್ಟು ಮರಳು, ಮೇಲೆ ‘ಮಕ್ಕಳ ಆಟ, ರಸ್ತೆ ಬಂದ್, ಏಳರವರೆಗೆ’ ಎಂಬ ದಪ್ಪಕ್ಷರದ ಫಲಕ. ಮರಳು ಹೆಚ್ಚು ತುಂಬಿದರೆ 108 ಆಂಬುಲೆನ್ಸ್ ಬಂದಾಗ ಡ್ರಮ್ ಸರಿಯುವುದಿಲ್ಲ; ಒಬ್ಬರೇ ಎಳೆಯುವಂತಿರಲಿ.

ಬಾಯಿಗೆ ಇಬ್ಬರು ದೊಡ್ಡವರು, ಅರ್ಧ ತಾಸಿಗೊಮ್ಮೆ ಬದಲಿ. ಒಬ್ಬರೇ ನಿಂತರೆ ವಾದ ಮಾಡುವವರ ಜೊತೆ ಮಾತಿಗೆ ಸಿಕ್ಕಾಗ ಪಕ್ಕದಿಂದ ಇನ್ನೊಂದು ಬೈಕ್ ಒಳಗಿರುತ್ತದೆ. ಓಣಿಯವರದೇ ಗಾಡಿ ಬಂದರೆ ತಡೆಯಬೇಡಿ: ಒಂದು ಉದ್ದ ಸೀಟಿ, ಮಕ್ಕಳೆಲ್ಲ ಕಟ್ಟೆ ಹತ್ತಬೇಕು, ಕಾವಲಿನವರು ಮುಂದೆ ನಡೆಯಬೇಕು, ಗಾಡಿ ಅವರ ಹಿಂದೆ ಅದೇ ನಡಿಗೆಯಲ್ಲಿ ಬರಬೇಕು. ಆಟ ಶುರುವಾಗುವ ಮೊದಲು ಇದನ್ನು ಎರಡು ಸಲ ಮಾಡಿಸಿ ನೋಡಿ.

ಬಿಟ್ಟರೆ ದೊಡ್ಡ ಹುಡುಗರ ಕ್ರಿಕೆಟ್ಟೇ ಇಡೀ ಓಣಿ ನುಂಗುತ್ತದೆ. ಸುಣ್ಣದ ಗೆರೆ ಎಳೆದು ಅರ್ಧ ಓಣಿಯನ್ನು ಕುಂಟಬಿಲ್ಲೆ, ಗೋಲಿ, ಸಣ್ಣವರ ಸೈಕಲ್ಲಿಗೆ ಬಿಡಿ. ಇನ್ನರ್ಧಕ್ಕೂ ರಬ್ಬರ್ ಚೆಂಡು ಮಾತ್ರ. ಮೈಕು, ಬಹುಮಾನ, ಅತಿಥಿಗಳು ಬಂದರೆ ಅದು ಫಂಕ್ಷನ್ ಆಗುತ್ತದೆ, ಮಕ್ಕಳು ಕುರ್ಚಿಯಲ್ಲಿ ಕೂರಬೇಕಾಗುತ್ತದೆ.

ಮುಗಿಸುವಾಗ ಮೊದಲು ಮಕ್ಕಳು ಕಟ್ಟೆಗೆ, ಆಮೇಲೆ ಲಗೋರಿ ಕಲ್ಲುಗಳು ಬದಿಗೆ, ಡ್ರಮ್ ಕೊನೆಗೆ.