ಎಚ್‌ಒ ರೈಲಿನ ಪಕ್ಕಕ್ಕೆ ಒಂದು ಕಾಸರಗೋಡಿನ ಗ್ಯಾರೇಜು

ಎಚ್‌ಒ ಅನ್ನುವುದು ಮಾದರಿ ರೈಲಿನ ಒಂದು ಅಳತೆ. ಹಲಗೆಯ ಮೇಲೆ ಅಂಥ ಪುಟ್ಟ ರೈಲಿನ ಊರು ಕಟ್ಟುವಾಗ ಹಳಿ, ಸ್ಟೇಷನ್, ಸಿಗ್ನಲ್ ಎಲ್ಲ ಆದ ಮೇಲೆ ಆ ಲೇಔಟ್‌ನಲ್ಲಿ ಸ್ಟೇಷನ್ ರಸ್ತೆ ಮಾಡುವ ಸರದಿ ಬರುತ್ತದೆ. ಆ ರಸ್ತೆಗೆ ಒಂದು ಗ್ಯಾರೇಜು ಬೇಕೇ ಬೇಕು. ಕಿಟ್ ರೂಪದಲ್ಲಿ ಸಿಗುವವು ಹೆಚ್ಚಾಗಿ ಅಮೆರಿಕದ ಇಲ್ಲವೇ ಜರ್ಮನಿಯ ಕಟ್ಟಡಗಳು. ಅಂಥದ್ದನ್ನು ತಂದು ಕುಂಬಳೆ ಸ್ಟೇಷನ್ ಪಕ್ಕ ಇಟ್ಟರೆ, ಎಷ್ಟು ಚೆಂದ ಬಣ್ಣ ಹಚ್ಚಿದರೂ ಅದು ನಮ್ಮೂರಿನದ್ದು ಅಂತ ಅನಿಸುವುದಿಲ್ಲ. ನಮ್ಮ ಕಡೆಯ ಗ್ಯಾರೇಜಿಗೆ ಆ ರೂಪ ಬಂದದ್ದೇ ಮಳೆಯಿಂದ. ಮಾಡಿನ (ಛಾವಣಿಯ) ಇಳಿಜಾರು, ಮುಂದಕ್ಕೆ ಚಾಚಿದ ಶೀಟು, ಗೋಡೆಯ ಬುಡದ ಕೆಂಪು, ಮೇಲಿನ ಕಪ್ಪು ಪಾಚಿ ಎಲ್ಲವೂ ಮಳೆಯ ಕೆಲಸ. ಮಾದರಿ ಮಾಡುವಾಗಲೂ ಪ್ರತಿ ಹಂತದಲ್ಲಿ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ ಅಂತ ಕೇಳಿಕೊಂಡರೆ ಅರ್ಧ ಕೆಲಸ ಸರಿಯಾಗುತ್ತದೆ.

ಮೊದಲು ಒಂದು ನಿಜವಾದ ಗ್ಯಾರೇಜು ನೋಡಿ. ಹೆದ್ದಾರಿ ಅಗಲವಾದ ಮೇಲೆ ರಸ್ತೆ ಬದಿಯ ಹಳೆಯ ಕಟ್ಟಡಗಳು ಕಡಿಮೆಯಾಗಿವೆ, ಆದರೆ ಉಪ್ಪಳ, ಮಂಜೇಶ್ವರ, ಕಾಸರಗೋಡಿನ ಒಳರಸ್ತೆಗಳಲ್ಲಿ ಈಗಲೂ ಸಿಗುತ್ತವೆ. "ಅಣ್ಣಾ, ಒಂದೆರಡು ಫೋಟೋ ತೆಗೀಲಾ?" ಅಂತ ಮೇಸ್ತ್ರಿಯನ್ನು ಕೇಳಿ, ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಟೇಪು ಹಿಡಿಯುವ ಅಗತ್ಯ ಇಲ್ಲ. ಮುರಕಲ್ಲಿನ (ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆಯಾದರೆ ಕಲ್ಲಿನ ಸಾಲು ಎಣಿಸಿ. ಕಲ್ಲಿನ ಎತ್ತರ ಸುಮಾರು 19 ಸೆಂಟಿಮೀಟರ್, ಸಿಮೆಂಟ್ ಸೇರಿ ಸಾಲಿಗೆ 20 ಅಂತ ಹಿಡಿದರೆ ಫೋಟೋ ನೋಡಿಯೇ ಗೋಡೆಯ ಎತ್ತರ ಸಿಗುತ್ತದೆ. 21 ಸಾಲು ಅಂದರೆ ಹೆಚ್ಚು ಕಡಿಮೆ 14 ಅಡಿ.

ಎಚ್‌ಒ ಅಂದರೆ ನಿಜದ ಅಳತೆಯ 87ರಲ್ಲಿ ಒಂದು ಪಾಲು (1:87), ಒಂದು ಅಡಿಗೆ 3.5 ಮಿಲಿಮೀಟರ್. ಇದೊಂದು ಲೆಕ್ಕ ತಲೆಯಲ್ಲಿದ್ದರೆ ಸಾಕು. ಎರಡು ಶಟರಿನ ಗ್ಯಾರೇಜಿಗೆ ನಾನು ಹೇಳುವ ಅಳತೆ: ಅಗಲ 24 ಅಡಿ, ಆಳ 20 ಅಡಿ, ಮುಂದಿನ ಎತ್ತರ 14 ಅಡಿ, ಹಿಂದಿನದ್ದು 9 ಅಡಿ. ಅಂದರೆ 84, 70, 49, 31.5 ಮಿಮೀ. ಶಟರ್ ಒಂದೊಂದು 10 ಅಡಿ ಅಗಲ, 10 ಅಡಿ ಎತ್ತರ. ಉಳಿದ 4 ಅಡಿಯನ್ನು ಮೂರು ಕಂಬಕ್ಕೆ ಹಂಚಿ. ಶಟರಿನ ಮೇಲೆ ಉಳಿಯುವ ಜಾಗ ಬೋರ್ಡಿಗೆ.

ಗೋಡೆಗೆ ರಟ್ಟು ಬೇಡ. ಜೂನ್ ಬಂತೆಂದರೆ ನಮ್ಮ ಗಾಳಿಗೆ ರಟ್ಟು ಉಬ್ಬುತ್ತದೆ, ಮೂಲೆ ಬಿಟ್ಟುಕೊಳ್ಳುತ್ತದೆ. ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಗಳಲ್ಲಿ ಸನ್‌ಬೋರ್ಡ್ ಅನ್ನುವ ಪಿವಿಸಿ ಫೋಮ್ ಹಲಗೆ ಇರುತ್ತದೆ, ಅದರ ಚೂರುಗಳನ್ನು ಕೇಳಿದರೆ ಕೊಡುತ್ತಾರೆ. 3 ಮಿಮೀ ದಪ್ಪದ್ದು ತಗೊಳ್ಳಿ. ಅದು ನಿಜದ ಲೆಕ್ಕದಲ್ಲಿ 10 ಇಂಚಿನ ಗೋಡೆ, ಮುರಕಲ್ಲಿಗೆ ಸರಿಹೊಂದುತ್ತದೆ. ಅಂಟಿಸಲು ಫೆವಿಕ್ವಿಕ್ ಸಾಕು. ಅದು ತೇವದಿಂದಲೇ ಗಟ್ಟಿಯಾಗುವುದು, ಹಾಗಾಗಿ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ತುಂಡು ಸರಿಪಡಿಸಲು ಸಮಯ ಕಡಿಮೆ. ಕಿಟಕಿಯ ಪ್ಲಾಸ್ಟಿಕ್‌ಗೆ ಮಾತ್ರ ಅದನ್ನು ಹತ್ತಿರ ತರಬೇಡಿ, ಅದರ ಹೊಗೆಗೆ ಪ್ಲಾಸ್ಟಿಕ್ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಅಲ್ಲಿಗೆ ಫೆವಿಕಾಲ್.

ಈಗ ಮುರಕಲ್ಲು. ಇಲ್ಲಿ ಅವಸರ ಮಾಡಬೇಡಿ, ನೋಡುವವರ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ಒಂದು ಕಲ್ಲು 390 ಮಿಮೀ ಉದ್ದ, 190 ಎತ್ತರ, ಮಾದರಿಯಲ್ಲಿ 4.5 ಮತ್ತು 2.2 ಮಿಮೀ. ಇಂಕು ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಇಟ್ಟು ಅಡ್ಡಗೆರೆಗಳನ್ನು ಮೊದಲು ಒತ್ತಿ, ಆಮೇಲೆ ಒಂದು ಸಾಲಿನ ಸಂದು ಕೆಳಗಿನ ಕಲ್ಲಿನ ನಡುವಿಗೆ ಬರುವಂತೆ ಉದ್ದಗೆರೆ. ಉದ್ದಗೆರೆಗೆ ಸ್ಕೇಲ್ ಬೇಡ, ಕೈಯಿಂದಲೇ ಹಾಕಿ, ಸ್ವಲ್ಪ ಆಚೀಚೆ ಆಗಲಿ. ನಾಲ್ಕು ಗೋಡೆ ಜೋಡಿಸಿದ ಮೇಲೆ ಮೂಲೆಗಳಲ್ಲಿ ಗೆರೆಯನ್ನು ಪಕ್ಕದ ಗೋಡೆಗೆ ತಿರುಗಿಸಲೇಬೇಕು. ಇಲ್ಲದಿದ್ದರೆ ಅದು ಕಲ್ಲಿನ ಗೋಡೆಯಲ್ಲ, ಗೆರೆ ಹಾಕಿದ ಹಲಗೆ ಅಂತ ತಕ್ಷಣ ಗೊತ್ತಾಗುತ್ತದೆ. ಕಲ್ಲಿನ ತೂತುಗಳಿಗೆ ಹಳೆಯ ಟೂತ್‌ಬ್ರಷ್ಷಿನ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿ ನೇರವಾಗಿ ಕುಟ್ಟಿ. ಎಲ್ಲ ಕಲ್ಲಿಗೂ ಒಂದೇ ಸಮ ಬೇಡ.

ಬಣ್ಣಕ್ಕೆ ಮೊದಲು ಗೋಡೆಯನ್ನು ನುಣುಪು ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಅಕ್ರಿಲಿಕ್ ಯೆಲ್ಲೋ ಓಕರ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿ ಇಡೀ ಗೋಡೆಗೆ ಹಚ್ಚಿ, ಅಲ್ಲೊಂದು ಇಲ್ಲೊಂದು ಕಲ್ಲಿಗೆ ಹಳದಿ ಜಾಸ್ತಿ, ಕೆಲವಕ್ಕೆ ಕಂದು ಜಾಸ್ತಿ. ಒಣಗಿದ ಮೇಲೆ ತೆಳು ಬೂದು ಬಣ್ಣವನ್ನು ಗೆರೆಗಳಿಗೆ ಹರಿಸಿ ಬಟ್ಟೆಯಿಂದ ಒರೆಸಿದರೆ ಸಂದಿನಲ್ಲಿ ಸಿಮೆಂಟ್ ಕಾಣುತ್ತದೆ. ಮುಂದಿನ ಕಂಬಗಳಿಗೆ ಗಾರೆ, ಸುಣ್ಣ ಇರಲಿ. ಆ ಬಿಳಿಯ ಬುಡದಲ್ಲಿ 7 ಮಿಮೀ ತನಕ ಕೆಂಪು ಮಣ್ಣಿನ ಚಿಮುಕು ಬರಬೇಕು, ಮುಂದಕ್ಕೆ ಚಾಚಿದ ತಗಡಿನ ಚಪ್ಪರದ ನೀರು ಅಂಗಳಕ್ಕೆ ಬಿದ್ದು ಸಿಡಿಯುವ ಗುರುತು ಅದು. ಮಳೆಗಾಳಿ ಹೊಡೆಯುವ ಗೋಡೆಗೆ ಕಪ್ಪು ಹಸಿರು ಜಾಸ್ತಿ, ಎದುರು ಗೋಡೆಗೆ ಕಡಿಮೆ. ಸ್ಪ್ರೇ ಪೇಂಟ್ ಮತ್ತು ವಾರ್ನಿಷ್ ಕೆಲಸವನ್ನು ಬಿಸಿಲಿನ ದಿನಕ್ಕೆ ಇಟ್ಟುಕೊಳ್ಳಿ, ತೇವದ ಗಾಳಿಯಲ್ಲಿ ಅದು ಬಿಳಿಚಿಕೊಳ್ಳುತ್ತದೆ. ಥರ್ಮಾಕೋಲ್ ಇರುವ ಕಡೆ ಸ್ಪ್ರೇ ಬೇಡವೇ ಬೇಡ, ಕರಗಿ ಹೋಗುತ್ತದೆ.

ಶೀಟು ಮಾಡುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಸಿಮೆಂಟ್ ಶೀಟಿನ ಒಂದು ಅಲೆಯಿಂದ ಇನ್ನೊಂದಕ್ಕೆ 146 ಮಿಮೀ, ಮಾದರಿಯಲ್ಲಿ 1.68. ಹಾರ್ಡ್‌ವೇರ್ ಅಂಗಡಿಯ 12 ಎಂಎಂ ಬೋಲ್ಟಿನ ಥ್ರೆಡ್, ಅಂದರೆ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಇರುವ ದೂರ, 1.75 ಮಿಮೀ. ಅಷ್ಟು ಹತ್ತಿರ! ತಗಡು ಶೀಟಿನ ಅಲೆ 3 ಇಂಚು, ಮಾದರಿಯಲ್ಲಿ 0.87, ಅದಕ್ಕೆ 5 ಎಂಎಂ ಬೋಲ್ಟ್, ಅದರ ಥ್ರೆಡ್ 0.8. ಫುಲ್ ಥ್ರೆಡ್ ಇರುವ ಉದ್ದದ ಬೋಲ್ಟ್ ಕೇಳಿ. ಪಾರ್ಸೆಲ್ ಊಟ ಕೊಡುವ ಅಲ್ಯೂಮಿನಿಯಂ ಡಬ್ಬಿಯ ತಳವನ್ನು ಕತ್ತರಿಸಿ ಮೌಸ್‌ಪ್ಯಾಡ್ ಮೇಲೆ ಇಟ್ಟು, ಬೋಲ್ಟನ್ನು ಗಟ್ಟಿಯಾಗಿ ಒತ್ತಿ ಲಟ್ಟಣಿಗೆಯ ಹಾಗೆ ಒಂದೇ ಸಲ ಉರುಳಿಸಿ. ಹಿಂದೆ ಮುಂದೆ ಉರುಳಿಸಿದರೆ ಗೆರೆ ಮೇಲೆ ಗೆರೆ ಬಿದ್ದು ಹಾಳಾಗುತ್ತದೆ. ಥ್ರೆಡ್ ಓರೆ ಇರುವುದರಿಂದ ಅಲೆಗಳೂ ತುಸು ಓರೆ ಬರುತ್ತವೆ, ಆಮೇಲೆ ಅಲೆಗೆ ನೇರವಾಗಿ ಕತ್ತರಿಸಿಕೊಳ್ಳಿ.

ಇಡೀ ಮಾಡಿಗೆ ಒಂದೇ ತುಂಡು ಹಾಸಬೇಡಿ. ನಿಜದ ಶೀಟು 1.05 ಮೀಟರ್ ಅಗಲ, 2.5 ಮೀಟರ್ ಉದ್ದ ಸಿಗುತ್ತದೆ, ಮಾದರಿಯಲ್ಲಿ 12 ಮತ್ತು 28.7 ಮಿಮೀ. ನಮ್ಮ ಅಳತೆಗೆ ಸಾಲಿಗೆ 8ರಂತೆ ಮೂರು ಸಾಲು, ಒಟ್ಟು 24. ಕೆಳಗಿನ ಸಾಲಿನಿಂದ ಶುರು ಮಾಡಿ. ಮೇಲಿನದ್ದು ಕೆಳಗಿನದ್ದರ ಮೇಲೆ 1.7 ಮಿಮೀ ಬರಲಿ. ಮಳೆಗಾಳಿ ಬರುವ ತುದಿಯನ್ನು ಕೊನೆಗೆ ಇಡಿ, ಆಗ ಒಂದರ ಮೇಲೊಂದು ಕೂತ ಅಂಚುಗಳು ಗಾಳಿಗೆ ಬೆನ್ನು ಹಾಕುತ್ತವೆ. ಶೀಟು ಹಾಕುವವರು ಮಾಡುವುದೂ ಹೀಗೇ, ಇಲ್ಲದಿದ್ದರೆ ಸಂದಿಯಲ್ಲಿ ನೀರು ನುಗ್ಗುತ್ತದೆ. ಹಿಂದೆ ಮುಂದೆ 5 ಮಿಮೀ ಹೊರಗೆ ಚಾಚಲಿ. ಪ್ರೈಮರ್, ಬೂದು, ಆಮೇಲೆ ಕಪ್ಪು ಪಾಚಿಯನ್ನು ಇಳಿಜಾರಿನ ದಿಕ್ಕಿನಲ್ಲೇ ಎಳೆಯಿರಿ. ಸಿಮೆಂಟ್ ಶೀಟಿಗೆ ತುಕ್ಕು ಬರುವುದಿಲ್ಲ, ಶೀಟನ್ನು ಹಿಡಿದಿಡುವ ಹುಕ್ ಇರುವಲ್ಲಿ ಮಾತ್ರ ಸಣ್ಣ ಕಂದು ಗೆರೆ. ಮುಂದಿನ ಚಪ್ಪರದ ತಗಡಿಗೆ ತುಕ್ಕು ಧಾರಾಳವಾಗಿ ಬರಲಿ. ಆ 5 ಎಂಎಂ ಬೋಲ್ಟಿನ ಶೀಟನ್ನೇ ಅಡ್ಡ ತಿರುಗಿಸಿದರೆ ಶಟರ್ ಆಯ್ತು. ಒಂದನ್ನು ಅರ್ಧ ಎತ್ತಿ ಇಡಿ, ಒಳಗೆ ಕಾಣಬೇಕಲ್ವಾ.

ಒಳಗೆ ಒಂದು ಕಡೆ ಪಿಟ್ (ಗಾಡಿಯ ಅಡಿಗೆ ಇಳಿದು ಕೆಲಸ ಮಾಡುವ ಗುಂಡಿ) ಮಾಡಿ: 3 ಅಡಿ ಅಗಲ, 12 ಅಡಿ ಉದ್ದ, 5 ಅಡಿ ಆಳ, ಅಂದರೆ 10.5, 42, 17.5 ಮಿಮೀ. ಲೇಔಟ್‌ನ ತಳದ ಹಲಗೆ, ಅಂದರೆ ಬೇಸ್‌ಬೋರ್ಡ್, ಕೊರೆಯಬೇಕು, ಹಾಗಾಗಿ ಕಟ್ಟಡ ಕೂರಿಸುವ ಮೊದಲೇ ಇದನ್ನು ಮುಗಿಸಿ. ನೆಲಕ್ಕೆ ಸಿಮೆಂಟ್ ಬೂದು. ಪಿಟ್ಟಿನ ಅಂಚು, ಬೆಂಚಿನ ಬುಡ, ಇಂಜಿನ್ ಬಿಚ್ಚುವ ಜಾಗದಲ್ಲಿ ಕಪ್ಪು ಕಲೆ ಹಾಕಿ. ಹಳೆ ಕಲೆಗೆ ಮ್ಯಾಟ್, ಹೊಸ ಎಣ್ಣೆಗೆ ಮೇಲೊಂದು ಹೊಳೆಯುವ ವಾರ್ನಿಷ್. 200 ಲೀಟರ್ ಡ್ರಮ್ಮಿಗೆ 6 ಮಿಮೀ ದಪ್ಪದ ಸ್ಟ್ರಾ, 10 ಮಿಮೀ ಎತ್ತರ. ಲಾರಿ ಟೈರಿಗೆ ಹೊರ ಅಗಲ 11 ಮಿಮೀ ಇರುವ ರಬ್ಬರ್ ವಾಷರ್, ಕಾರಿನದ್ದಕ್ಕೆ 7. ಬೆಂಚು 10.5 ಮಿಮೀ ಎತ್ತರ. ಪಂಕ್ಚರ್ ನೋಡುವ ನೀರಿನ ತೊಟ್ಟಿ ಮತ್ತು ನೀಲಿ ಟರ್ಪಾಲು ಮರೆಯಬೇಡಿ.

ಬೋರ್ಡು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಗಡಿಯ ಊರು ಅಂತ ಅದರಿಂದಲೇ ಗೊತ್ತಾಗುತ್ತದೆ. ಲೇಸರ್ ಪ್ರಿಂಟ್ ತೆಗೆದು ಕಾಗದದ ಹಿಂಬದಿಯನ್ನು ಮರಳು ಕಾಗದದಿಂದ ಉಜ್ಜಿ ತೆಳು ಮಾಡಿ, ಕತ್ತರಿಸಿದ ಬಿಳಿ ಅಂಚಿಗೆ ಬಣ್ಣ ತಾಗಿಸಿ. ವಾಹನಗಳಿಗೆ ಕಾಸರಗೋಡಿನ ಕೆಎಲ್ 14 ಜೊತೆ ಒಂದೆರಡು ಕೆಎ 19 ಪ್ಲೇಟೂ ಸೇರಲಿ, ಮಂಗಳೂರಿನ ಗಾಡಿ ಬಾರದ ಗ್ಯಾರೇಜು ಇಲ್ಲಿ ಎಲ್ಲಿದೆ? ಅಂಬಾಸಿಡರ್ ಇಟ್ಟರೆ ಅದು 50 ಮಿಮೀ ಉದ್ದ, ಆಟೋ 30.

ಅಂಗಳಕ್ಕೆ ನಮ್ಮದೇ ಕೆಂಪು ಮಣ್ಣು. ಹಳೆ ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಜರಡಿ ಹಿಡಿದು, ಆಮೇಲೆ ಆಯಸ್ಕಾಂತವನ್ನು ಎರಡು ಮೂರು ಸಲ ಆಡಿಸಿ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದೆ, ಅದರ ಕಣ ಇಂಜಿನ್ನಿನ ಮೋಟರಿಗೆ ಅಂಟಿಕೊಂಡರೆ ಕಷ್ಟ. ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಅಂಗಳಕ್ಕೆ ಹಾಸಿದ ಆ ಮಣ್ಣಿನ ಮೇಲೆ ಬಿಡಿ. ಅಂಟು ಬಿದ್ದ ಮಣ್ಣು ಒಣಗಿದ ಮೇಲೂ ಗಾಢವಾಗಿ ಕಾಣುತ್ತದೆ, ತಿಳಿ ಬಣ್ಣದ್ದನ್ನೇ ಆರಿಸಿ.

ದೀಪಕ್ಕೆ ಒಂದು ಸಣ್ಣ ವಾರ್ಮ್ ವೈಟ್ ಎಲ್‌ಇಡಿ ಸಾಕು. 12 ವೋಲ್ಟ್ ಡಿಸಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿದರೆ 9 ಮಿಲಿಆಂಪ್ ಹರಿಯುತ್ತದೆ. ಗೋಡೆಯ ಒಳಬದಿಗೆ ಮೊದಲು ಕಪ್ಪು ಹಚ್ಚಿ ಅದರ ಮೇಲೆ ಬೇರೆ ಬಣ್ಣ ಕೊಡಿ, ಇಲ್ಲದಿದ್ದರೆ ಬೆಳಕು ಗೋಡೆಯಿಂದಲೇ ಸೋರುತ್ತದೆ. ಮಾಡನ್ನು ಅಂಟಿಸದೆ ಎತ್ತುವ ಹಾಗೆ ಇಡಿ.

ಕೊನೆಗೆ ಲೇಔಟ್ ಮೇಲೆ ಜಾಗ. ಬೋಗಿಯ ಅಗಲ 37 ಮಿಮೀ, ನೇರ ಹಳಿಯಲ್ಲಿ ಚಿಂತೆ ಇಲ್ಲ. ತಿರುವಿನ ಹತ್ತಿರವಾದರೆ ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಉದ್ದದ ಬೋಗಿಯ ನಡುಭಾಗ ಒಳಗೆ, ತುದಿಗಳು ಹೊರಗೆ ವಾಲುತ್ತವೆ. ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಿಂದಲೇ ನಿಧಾನವಾಗಿ ತಳ್ಳಿ ನೋಡಿ. ಚಪ್ಪರದ ತಗಡಾಗಲಿ ಅಂಗಳದ ಡ್ರಮ್ಮಾಗಲಿ ತಾಗುವುದಿಲ್ಲ ಅಂತ ಖಾತ್ರಿ ಆದ ಮೇಲೆಯೇ ಕಟ್ಟಡವನ್ನು ಅಂಟಿಸಿ.