ಕೆಲಸ ಬಿಡದೆ ಮಕ್ಕಳ ಹಕ್ಕು ಕಾನೂನು ಓದುವುದು ಹೇಗೆ?

ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತೆ, ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಹೈಸ್ಕೂಲಿನ ಮುಖ್ಯ ಶಿಕ್ಷಕ, ಅಂಗನವಾಡಿ ಮೇಲ್ವಿಚಾರಕಿ, ತಾಲ್ಲೂಕು ಆಸ್ಪತ್ರೆಯ ನರ್ಸ್. ಬೆಳಗಾದರೆ ಮಕ್ಕಳ ಕಾನೂನನ್ನು ಜಾರಿಗೆ ತರುವವರು ಇವರೇ. ಆದರೆ ಆ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ ಕೂತು ಓದುವ ಬಿಡುವು ಇವರಲ್ಲಿ ಹೆಚ್ಚಿನವರಿಗೆ ಸಿಕ್ಕಿರುವುದಿಲ್ಲ. ಒಂದು ದಿನದ ತರಬೇತಿ, ಮೇಲಿನಿಂದ ಬಂದ ಸುತ್ತೋಲೆ, ಹಿಂದಿನವರು ಮಾಡಿಕೊಂಡು ಬಂದ ರೂಢಿ, ಇಷ್ಟರಲ್ಲೇ ಕಡತ ಮುಂದೆ ಸಾಗುತ್ತದೆ. ಅಂಥವರಿಗೆ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಓದುವ ಸೆಕ್ಷನ್ನನ್ನು ತಮ್ಮ ಮೇಜಿನ ಮೇಲಿನ ಕಡತದ ಪಕ್ಕ ಇಟ್ಟು ನೋಡುವವರಿಗೆ ಮಾತ್ರ. ಪರೀಕ್ಷೆಗೆಂದು ಉರು ಹೊಡೆದರೆ ಸರ್ಟಿಫಿಕೇಟು ಬರುತ್ತದೆ, ಕೆಲಸ ಮೊದಲಿನಂತೆಯೇ ಉಳಿಯುತ್ತದೆ.

ಯಾವ ಕೋರ್ಸು

ಕರ್ನಾಟಕದಲ್ಲಿ ಕೆಲಸದಲ್ಲಿರುವವರು ಮೊದಲು ನೋಡಬೇಕಾದದ್ದು ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನ ಮಕ್ಕಳ ಹಕ್ಕು ಕಾನೂನು ಸ್ನಾತಕೋತ್ತರ ಡಿಪ್ಲೊಮಾ. ಅಲ್ಲಿನ ಪೇಸ್ (ವೃತ್ತಿಪರ ಮತ್ತು ನಿರಂತರ ಶಿಕ್ಷಣ) ವಿಭಾಗ ಇದನ್ನು ನಡೆಸುತ್ತದೆ. ಒಂದು ವರ್ಷದ ಓದು, ಯಾವುದೇ ವಿಷಯದಲ್ಲಿ ಪದವಿ ಮುಗಿಸಿದವರು ಸೇರಬಹುದು. ಎಲ್‌ಎಲ್‌ಬಿ ಬೇಕಿಲ್ಲ. ಬಿಎ, ಬಿಎಸ್‌ಡಬ್ಲ್ಯೂ, ಬಿಎಸ್ಸಿ ನರ್ಸಿಂಗ್ ಆದವರಿಗೂ ಬಾಗಿಲು ತೆರೆದಿದೆ.

ಶುಲ್ಕ, ಅರ್ಜಿಯ ಕೊನೆಯ ದಿನ, ಪ್ರವೇಶದ ವಿಧಾನ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಾಗಾಗಿ ಸಂಸ್ಥೆಯ ಜಾಲತಾಣದಲ್ಲಿರುವ ಆ ವರ್ಷದ ಪ್ರಕಟಣೆಯನ್ನಷ್ಟೇ ನಂಬಿ. ಸ್ನೇಹಿತರು ಕಳಿಸಿದ ಎರಡು ವರ್ಷದ ಹಿಂದಿನ ಪಿಡಿಎಫ್ ನೋಡಿಕೊಂಡು ದಿನಾಂಕ ತಪ್ಪಿಸಿಕೊಳ್ಳುವವರು ಇದ್ದಾರೆ. ಪ್ರಕಟಣೆಯಲ್ಲಿ ಮುಖ್ಯವಾಗಿ ನೋಡಬೇಕಾದವು: ಕಡ್ಡಾಯವಾಗಿ ಹಾಜರಾಗಬೇಕಾದ ತರಗತಿಗಳು ಎಷ್ಟು ದಿನ, ಅವು ವಾರಾಂತ್ಯದಲ್ಲಿವೆಯೇ, ಪರೀಕ್ಷೆಗೆ ಎಲ್ಲಿಗೆ ಹೋಗಬೇಕು, ಪ್ರಬಂಧ ಇದೆಯೇ, ಒಂದು ಪೇಪರ್ ಉಳಿದರೆ ಎಷ್ಟು ವರ್ಷದೊಳಗೆ ಮುಗಿಸಿಕೊಳ್ಳಬಹುದು. ಬೀದರಿನಿಂದಲೋ ಕಾರವಾರದಿಂದಲೋ ಬರುವವರಿಗೆ ಕೋರ್ಸಿನ ಶುಲ್ಕಕ್ಕಿಂತ ಮೊದಲಿನ ಮೂರು ಪ್ರಶ್ನೆಗಳ ಉತ್ತರವೇ ಮುಖ್ಯ.

ಕಾನೂನಿಗಿಂತ ಮಗುವಿನ ಮನಸ್ಸಿನ ಕಡೆ ಒಲವಿರುವವರು ದುಡ್ಡು ಕಟ್ಟುವ ಮೊದಲು ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದ ‘ಸಂವಾದ್’ ಯೋಜನೆಯ ಆನ್‌ಲೈನ್ ತರಬೇತಿಗಳನ್ನು ನೋಡಲಿ. ಅದು ಡಿಪ್ಲೊಮಾ ಅಲ್ಲ. ಆದರೆ ನೊಂದ ಮಗುವಿನೊಡನೆ ಮಾತಾಡುವುದು ಹೇಗೆ ಎಂಬುದು ಕಾನೂನಿನ ಕೋರ್ಸಿಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಕಾನೂನು ಪದವೀಧರರಾಗಿದ್ದು ವಿದೇಶದಲ್ಲಿ ಓದುವ ಅನುಕೂಲ ಇದ್ದರೆ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಮಕ್ಕಳ ಹಕ್ಕುಗಳಲ್ಲೇ ಎಲ್‌ಎಲ್‌ಎಂ ಇದೆ.

ಅರ್ಜಿಗೆ ಮೊದಲು

ಸರ್ಕಾರಿ ನೌಕರರು ಅರ್ಜಿ ಹಾಕುವ ಮುಂಚೆಯೇ ಇಲಾಖೆಯಿಂದ ಲಿಖಿತ ಅನುಮತಿ ಪಡೆಯಬೇಕು. ಸೇರಿದ ಮೇಲೆ ಕೇಳಿದರಾಯಿತು ಎಂದುಕೊಂಡವರಿಗೆ, ಮುಂದೆ ಈ ವಿದ್ಯಾರ್ಹತೆಯನ್ನು ಸೇವಾ ಪುಸ್ತಕಕ್ಕೆ ಸೇರಿಸುವಾಗ ತೊಡಕಾಗುತ್ತದೆ. ಅನುಮತಿಯ ಅರ್ಜಿಯಲ್ಲಿ ಕೋರ್ಸಿನ ಹೆಸರು, ಅವಧಿ, ಕಚೇರಿ ವೇಳೆಯ ಹೊರಗೆ ಓದುವುದಾಗಿ ಒಂದು ಸಾಲು, ಪರೀಕ್ಷೆಯ ದಿನಗಳಿಗೆ ರಜೆ ಬೇಕೆಂಬ ಇನ್ನೊಂದು ಸಾಲು ಇರಲಿ.

ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಗುರುತಿನ ಚೀಟಿ, ಫೋಟೊ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹತ್ತನೇ ತರಗತಿ ಅಂಕಪಟ್ಟಿಯಲ್ಲೂ ಆಧಾರಿನಲ್ಲೂ ಹೆಸರಿನ ಇನಿಷಿಯಲ್ ಬೇರೆ ಬೇರೆ ಇದ್ದರೆ ಈಗಲೇ ಸರಿಪಡಿಸಿ. ಯುಜಿಸಿ ಮಾನ್ಯತೆಯ ದೂರಶಿಕ್ಷಣ ಅಥವಾ ಆನ್‌ಲೈನ್ ಸ್ನಾತಕೋತ್ತರ ಕೋರ್ಸುಗಳಿಗೆ ಡಿಇಬಿ ಐಡಿ, ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಕೇಳುತ್ತಾರೆ. ಅದನ್ನು ಪಡೆಯಲು ಓದಿನ ಕ್ರೆಡಿಟ್ಟುಗಳನ್ನು ಆನ್‌ಲೈನಿನಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಖಾತೆ ಬೇಕು, ಅದು ಆಧಾರ್ ಜೊತೆ ಹೊಂದಬೇಕು. ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೂ ಅರ್ಜಿ ಅಲ್ಲೇ ನಿಲ್ಲುತ್ತದೆ.

ವಾರಕ್ಕೆ ಆರು ತಾಸು

ಮೂರು ದಿನ ಬೆಳಗ್ಗೆ ಒಂದೊಂದು ತಾಸು, ಭಾನುವಾರ ಮೂರು ತಾಸು. ಇದಕ್ಕಿಂತ ಹೆಚ್ಚು ಹಾಕಿಕೊಂಡರೆ ಎರಡನೇ ತಿಂಗಳಿಗೇ ಕೈಬಿಡುತ್ತೀರಿ. ರಾತ್ರಿ ಓದು ಬೇಡ. ಈ ಕ್ಷೇತ್ರದವರ ಫೋನು ರಾತ್ರಿಯೇ ಬರುತ್ತದೆ.

ಓದುವ ಕ್ರಮವೂ ಮುಖ್ಯ. ಮೊದಲು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ. 1989ರ ನವೆಂಬರ್ 20ರಂದು ಅಂಗೀಕಾರವಾದ ಇದರಲ್ಲಿ 54 ಪರಿಚ್ಛೇದಗಳಿವೆ; ಭಾರತ ಒಪ್ಪಿ ಸೇರಿದ್ದು 1992ರ ಡಿಸೆಂಬರ್ 11ರಂದು. ಎಲ್ಲವನ್ನೂ ಒಮ್ಮೆ ಓದಿ, 2, 3, 6, 12ನೇ ಪರಿಚ್ಛೇದಗಳನ್ನು ಮಾತ್ರ ಬಾಯಿಗೆ ಬರುವಷ್ಟು ಓದಿ. ತಾರತಮ್ಯ ಮಾಡದಿರುವುದು, ಮಗುವಿನ ಹಿತ, ಬದುಕು ಮತ್ತು ಬೆಳವಣಿಗೆ, ಮಗುವಿನ ಮಾತಿಗೆ ಕಿವಿಗೊಡುವುದು. ಮುಂದಿನದೆಲ್ಲ ಈ ನಾಲ್ಕರ ಮೇಲೆ ನಿಂತಿದೆ. ಆಮೇಲೆ 2015ರ ಬಾಲ ನ್ಯಾಯ ಕಾಯ್ದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ, 2009ರ ಶಿಕ್ಷಣ ಹಕ್ಕು ಕಾಯ್ದೆ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ, ಈ ಕ್ರಮದಲ್ಲಿ ಹೋಗಿ. ಮೂಲ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗೈಡು ಕೊಳ್ಳುವ ಅಗತ್ಯವಿಲ್ಲ.

ಹಳೆಯ ನೋಟ್ಸಿನಿಂದ ಆಗುವ ತಪ್ಪುಗಳು ಒಂದೆರಡಲ್ಲ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ದತ್ತು ಆದೇಶ ಕೊಡುವವರು ಈಗ ನ್ಯಾಯಾಲಯವಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರು. ಬಾಲ ನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಾಗ ಆದ ಬದಲಾವಣೆ ಇದು. ಪುಸ್ತಕದ ಮುದ್ರಣ ವರ್ಷ ನೋಡದೆ ಓದಬೇಡಿ.

ಪಾಠ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದಕ್ಕೆ ಹಿಂಜರಿಯುವುದು ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಪಾರಿಭಾಷಿಕ ಪದಗಳನ್ನು ಬರೆದು, ಎದುರಿಗೆ ನಿಘಂಟಿನ ಅರ್ಥದ ಬದಲು ಕೆಲಸದ ಅರ್ಥ ಬರೆಯಿರಿ. ‘ಡೈವರ್ಷನ್’ ಅಂದರೆ ಮಗುವನ್ನು ಕೋರ್ಟು ಮೊಕದ್ದಮೆಯಿಂದ ಹೊರಗಿಟ್ಟು ಬೇರೆ ರೀತಿಯಲ್ಲಿ ಇತ್ಯರ್ಥ ಮಾಡುವುದು. ‘ಎವಾಲ್ವಿಂಗ್ ಕೆಪ್ಯಾಸಿಟೀಸ್’ ಅಂದರೆ ಮಗು ಬೆಳೆದಂತೆ ತನ್ನ ವಿಷಯದಲ್ಲಿ ತಾನೇ ನಿರ್ಧರಿಸುವ ಶಕ್ತಿಯೂ ಬೆಳೆಯುತ್ತದೆ ಎಂಬ ತಿಳಿವು. ಇಂಥ 60 ಪದ ಕೈವಶವಾದರೆ ತರಗತಿ ಹಗುರಾಗುತ್ತದೆ.

ಒಂದು ಕಡತ, ಒಂದು ಕಾಯ್ದೆ

ಬಾಲ ನ್ಯಾಯ ಕಾಯ್ದೆಗೆ ಬಂದಾಗ ಹೀಗೆ ಮಾಡಿ. ರೈಲು ನಿಲ್ದಾಣದಲ್ಲಿ ಸಿಕ್ಕಿದ, ಮನೆ ಬಿಟ್ಟು ಬಂದ 13 ವರ್ಷದ ಹುಡುಗನ ಪ್ರಕರಣ ಎಂದಿಟ್ಟುಕೊಳ್ಳಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಏನು ನಡೆಯುತ್ತದೆ, ಬಲಕ್ಕೆ ಯಾವ ಸೆಕ್ಷನ್ ಏನು ಹೇಳುತ್ತದೆ ಎಂದು ಬರೆಯುತ್ತಾ ಹೋಗಿ. 31ನೇ ಸೆಕ್ಷನ್: ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ (ಪಾಲನೆ, ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲಾ ಸಮಿತಿ) ಮುಂದೆ ಹಾಜರು. 36ನೇ ಸೆಕ್ಷನ್: ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. 94ನೇ ಸೆಕ್ಷನ್: ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ಶಾಲೆಯ ದಾಖಲೆ ಅಥವಾ ಹತ್ತನೇ ತರಗತಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪುರಸಭೆ, ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಹೀಗಿದ್ದೂ ಕಡತದ ಮೊದಲ ಪುಟದಲ್ಲೇ ಆಧಾರಿನ ಜೆರಾಕ್ಸ್ ಲಗತ್ತಿಸಿ ವಯಸ್ಸು ನಮೂದಿಸುವ ರೂಢಿ ಎಷ್ಟು ಕಡೆ ಇದೆ ಎಂದು ಗಮನಿಸಿ.

ಇನ್ನು 22ನೇ ನಮೂನೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಸಾಮಾಜಿಕ ತನಿಖಾ ವರದಿಗೆಂದು ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಕೊಟ್ಟಿರುವ ಉದ್ದನೆಯ ಫಾರಂ. ತುಂಬಿದ ಒಂದು ವರದಿಯನ್ನು ಪೆನ್ಸಿಲ್ ಹಿಡಿದು ಓದಿ. ಮಗುವೇ ಹೇಳಿದ ಮಾತು ಎಲ್ಲೆಲ್ಲಿದೆಯೋ ಅಲ್ಲಿ ಅಡಿಗೆರೆ ಹಾಕಿ. ತಂದೆ ಹೇಳಿದ್ದು, ನೆರೆಯವರು ಹೇಳಿದ್ದು, ಕಾರ್ಯಕರ್ತರ ಅಭಿಪ್ರಾಯ ಎಲ್ಲ ಇರುತ್ತದೆ. ‘ಬಾಲಕನು ಮನೆಗೆ ಹೋಗಲು ಒಪ್ಪಿರುತ್ತಾನೆ’ ಎಂಬುದು ಮಗುವಿನ ಮಾತಲ್ಲ, ಬರೆದವರ ಷರಾ. ‘ಅಪ್ಪ ಕುಡಿದು ಬಂದ ದಿನ ಮಾತ್ರ ಭಯ, ಅಜ್ಜಿ ಮನೆಯಲ್ಲಿದ್ದರೆ ಹೋಗ್ತೀನಿ’ ಎಂಬುದು ಮಗುವಿನ ಮಾತು. ಎರಡನೆಯದನ್ನು ಬರೆದುಕೊಂಡ ವರದಿಯಿಂದ ಸಮಿತಿಗೆ ಒಂದು ದಾರಿ ಕಾಣುತ್ತದೆ, ಮೊದಲನೆಯದರಿಂದ ಕಾಣುವುದಿಲ್ಲ. ಒಡಂಬಡಿಕೆಯ 12ನೇ ಪರಿಚ್ಛೇದವೂ ಕಾಯ್ದೆಯ 3ನೇ ಸೆಕ್ಷನ್ನಿನ 16 ತತ್ವಗಳಲ್ಲಿ ಸೇರಿರುವ ‘ಭಾಗವಹಿಸುವಿಕೆ’ಯೂ ಕೇಳುತ್ತಿರುವುದು ಇದನ್ನೇ. ಒಂದು ವರ್ಷದ ಓದಿನಲ್ಲಿ ಈ ಒಂದು ವ್ಯತ್ಯಾಸ ಕೈಗೆ ಹತ್ತಿದರೂ ಎಷ್ಟೋ ಮಕ್ಕಳ ಪಾಲಿಗೆ ಅದು ದೊಡ್ಡದು.

ಪ್ರಬಂಧ: ಇಲ್ಲೇ ಹೆಚ್ಚು ಜನ ಎಡವುವುದು

ವಿಷಯ ದೊಡ್ಡದಾಯಿತು ಎಂಬುದು ಮೊದಲ ತೊಂದರೆ. ‘ಕರ್ನಾಟಕದಲ್ಲಿ ಬಾಲ್ಯವಿವಾಹ’ ಎಂದರೆ ಮುಗಿಯುವ ಮಾತಲ್ಲ. ‘ಒಂದು ತಾಲ್ಲೂಕಿನ ಐದು ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಗಳಲ್ಲಿ ಎರಡು ವರ್ಷ ಮಕ್ಕಳು ಇಟ್ಟ ಬೇಡಿಕೆಗಳು ಏನಾದವು’ ಎಂದರೆ ಕೈಗೆ ಸಿಗುತ್ತದೆ. ಶೌಚಾಲಯದ ಬಾಗಿಲು, ಬಸ್ಸಿನ ವೇಳೆ, ಶಾಲೆ ಪಕ್ಕದ ಮದ್ಯದ ಅಂಗಡಿ, ಮಕ್ಕಳು ಕೇಳಿದ್ದು ನಡಾವಳಿ ಪುಸ್ತಕದಲ್ಲಿರುತ್ತದೆ. ಮುಂದಿನ ವರ್ಷದ ನಡಾವಳಿಯಲ್ಲಿ ಅದೇ ಬೇಡಿಕೆ ಮತ್ತೆ ಬಂದಿದ್ದರೆ ಉತ್ತರ ಸಿಕ್ಕಂತೆಯೇ. ನಡಾವಳಿ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಐದು ಪಂಚಾಯಿತಿಗೆ ಐದು ಅರ್ಜಿ. ಉತ್ತರಕ್ಕೆ 30 ದಿನ ಗಡುವು, ಮೇಲ್ಮನವಿಗೆ ಹೋದರೆ ಇನ್ನೂ ಹೆಚ್ಚು. ಆದ್ದರಿಂದ ವಿಷಯವನ್ನು ಎರಡನೇ ತಿಂಗಳಲ್ಲೇ ಗೊತ್ತು ಮಾಡಿ.

ಎರಡನೆಯದು ಗೋಪ್ಯತೆ, ಇದು ಗಂಭೀರ. ಕಚೇರಿಯ ಕಡತ ಕೈಯಲ್ಲಿದೆ ಎಂದ ಮಾತ್ರಕ್ಕೆ ಅದು ನಿಮ್ಮ ಸಂಶೋಧನೆಯ ಸಾಮಗ್ರಿಯಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಬಯಲಾಗುವ ಯಾವ ವಿವರವನ್ನೂ ಪ್ರಕಟಿಸಬಾರದು ಎನ್ನುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಸರು ತೆಗೆದರೆ ಸಾಕು ಎಂದುಕೊಳ್ಳುವುದು ತಪ್ಪು. ‘14 ವರ್ಷದ ಬಾಲಕಿ, ಇಂಥ ಹಳ್ಳಿ, ತಂದೆ ಊರಿನ ಕಮ್ಮಾರ’ ಎಂದು ಬರೆದರೆ ಊರಿಗೆ ಊರೇ ಗುರುತು ಹಿಡಿಯುತ್ತದೆ, ಆ ಹಳ್ಳಿಯಲ್ಲಿ ಕಮ್ಮಾರನ ಮನೆ ಇರುವುದೇ ಒಂದು. ‘13–15ರ ವಯೋಮಾನದ ಬಾಲಕಿ, ಗ್ರಾಮೀಣ ಪ್ರದೇಶ, ಕುಟುಂಬ ಕುಲಕಸುಬಿನದು’ ಎಂದು ಬರೆಯಿರಿ. ಪ್ರಕರಣದ ತಿಂಗಳು, ಶಾಲೆಯ ಹೆಸರು, ಠಾಣೆ, ಎಫ್‌ಐಆರ್ ಸಂಖ್ಯೆ ಯಾವುದೂ ಬೇಡ. ಕಚೇರಿ ಕಡತ ಬಳಸಲೇಬೇಕಿದ್ದರೆ, ಅಥವಾ ಬಾಲಮಂದಿರದ ಮಕ್ಕಳನ್ನು ಮಾತಾಡಿಸಬೇಕಿದ್ದರೆ ಇಲಾಖೆಯ ಲಿಖಿತ ಅನುಮತಿ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಒಂದು ವರ್ಷದ ಕೋರ್ಸಿಗೆ ಮಕ್ಕಳನ್ನು ಸಂದರ್ಶಿಸದ, ದಾಖಲೆ ಮತ್ತು ತೀರ್ಪುಗಳ ಮೇಲೆ ನಿಂತ ವಿಷಯವೇ ಒಳ್ಳೆಯದು ಎಂಬುದು ನಮ್ಮ ಖಚಿತ ಸಲಹೆ.

ಆದರೂ ಮಕ್ಕಳನ್ನು ಮಾತಾಡಿಸುವುದೇ ಆದರೆ ಪೋಷಕರ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆಯೂ ಬೇಕು, ಮಗು ನಡುವೆ ಸಾಕು ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಮಾತಿನ ನಡುವೆ ಮಗು ಲೈಂಗಿಕ ದೌರ್ಜನ್ಯದ ಸಂಗತಿ ಹೇಳಿಬಿಟ್ಟರೆ? ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಸಂಶೋಧಕರಿಗೆ ವಿನಾಯಿತಿ ಇಲ್ಲ. ತಿಳಿಸದಿದ್ದರೆ 21ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಶಿಕ್ಷೆ. ‘ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತೆ’ ಎಂದು ಮೊದಲೇ ಮಾತು ಕೊಟ್ಟಿದ್ದರೆ ಆಮೇಲೆ ಮಗುವಿನ ನಂಬಿಕೆಗೆ ಎರಡನೇ ಪೆಟ್ಟು ಬೀಳುತ್ತದೆ. ಆದ್ದರಿಂದ ಮಾತು ಶುರು ಮಾಡುವ ಮೊದಲೇ ಹೇಳಿ: ‘ನಿನಗೆ ಯಾರಾದರೂ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದರೆ, ನಿನ್ನನ್ನು ಕಾಪಾಡೋರಿಗೆ ನಾನು ತಿಳಿಸಬೇಕಾಗುತ್ತೆ.’

ಪರೀಕ್ಷೆ

ಹತ್ತು ವರ್ಷದಿಂದ ಕೈಯಲ್ಲಿ ಉದ್ದ ಉತ್ತರ ಬರೆಯದವರು ಪರೀಕ್ಷೆಗೆ ಮುಂಚೆ ಕನಿಷ್ಠ ನಾಲ್ಕು ಸಲ ಗಡಿಯಾರ ಇಟ್ಟುಕೊಂಡು ಬರೆದು ನೋಡಿ. ಅಂಕ ಹೋಗುವುದು ಹೆಚ್ಚಾಗಿ ರಾಜ್ಯದ ಕಾನೂನು ಬಿಟ್ಟಾಗ. ಬಾಲ್ಯವಿವಾಹದ ಪ್ರಶ್ನೆಯನ್ನೇ ನೋಡಿ. ಕೇಂದ್ರದ 2006ರ ಕಾಯ್ದೆಯಂತೆ ಅಂಥ ಮದುವೆಯನ್ನು ಬಾಲ್ಯದಲ್ಲಿ ಮದುವೆಯಾದವರು ಪ್ರಾಪ್ತ ವಯಸ್ಕರಾದ ಎರಡು ವರ್ಷದೊಳಗೆ ಅರ್ಜಿ ಹಾಕಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕ ತನ್ನ ತಿದ್ದುಪಡಿಯಿಂದ ಅಂಥ ಮದುವೆ ಆರಂಭದಿಂದಲೇ ಅಸಿಂಧು ಎಂದು ಮಾಡಿದೆ. 2017ರ ಅಕ್ಟೋಬರಿನ ‘ಇಂಡಿಪೆಂಡೆಂಟ್ ಥಾಟ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಉಲ್ಲೇಖಿಸಿದೆ. ಕೇಂದ್ರದ್ದನ್ನು ಮಾತ್ರ ಬರೆದು ಬಂದವರ ಉತ್ತರ ಅರ್ಧ.

ಮುಗಿದ ಮೇಲೆ

ಈ ಡಿಪ್ಲೊಮಾದಿಂದ ವಕೀಲಿಕೆ ಮಾಡಲು ಬರುವುದಿಲ್ಲ, ಅದಕ್ಕೆ ಎಲ್‌ಎಲ್‌ಬಿಯೇ ಬೇಕು. ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯತ್ವವೂ ಇದರಿಂದಲೇ ಸಿಗುವುದಿಲ್ಲ. ಮಕ್ಕಳ ಮನಶ್ಶಾಸ್ತ್ರ, ಕಾನೂನು, ಸಮಾಜಕಾರ್ಯ, ಸಮಾಜಶಾಸ್ತ್ರ, ಶಿಕ್ಷಣದಂಥ ಗೊತ್ತುಪಡಿಸಿದ ವಿಷಯಗಳ ಪದವಿಯ ಜೊತೆ ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷದ ಕೆಲಸ, ಇಲ್ಲವೇ ಆ ವಿಷಯಗಳಲ್ಲಿ ವೃತ್ತಿನಿರತರಾಗಿರುವುದು ಅಲ್ಲಿನ ಅರ್ಹತೆ. ಡಿಪ್ಲೊಮಾ ಅದಕ್ಕೆ ಬಲ ಕೊಡುತ್ತದೆ, ಅದರ ಜಾಗ ತುಂಬುವುದಿಲ್ಲ. ಸ್ವಯಂಸೇವಾ ಸಂಸ್ಥೆಯವರು ಇನ್ನೊಂದನ್ನು ನೆನಪಿಡಬೇಕು: 2021ರ ತಿದ್ದುಪಡಿಯ ನಂತರ ಜಿಲ್ಲೆಯ ಮಕ್ಕಳ ಪಾಲನಾ ಸಂಸ್ಥೆಯ ಆಡಳಿತದಲ್ಲಿ ಇರುವವರು ಸಮಿತಿಗೆ ಅರ್ಹರಲ್ಲ.

ಪ್ರಬಂಧ ಒಪ್ಪಿಸಿದ ವಾರದಲ್ಲೇ ಅದರ ಸಾರವನ್ನು ಎರಡು ಪುಟದ ಕನ್ನಡದಲ್ಲಿ ಬರೆದು, ನಡಾವಳಿ ಕೊಟ್ಟ ಪಂಚಾಯಿತಿಗಳಿಗೆ ಒಂದೊಂದು ಪ್ರತಿ ತಲುಪಿಸಿ. ಸೆಕ್ಷನ್ ಸಂಖ್ಯೆ ಬೇಡ. ಯಾವ ಬೇಡಿಕೆ ಈಡೇರಿತು, ಯಾವುದು ಎರಡು ವರ್ಷದಿಂದ ಹಾಗೇ ಇದೆ ಎಂಬ ಪಟ್ಟಿ ಸಾಕು. ದಪ್ಪ ಅಕ್ಷರದಲ್ಲಿ ಮುದ್ರಿಸಿ, ಏಳನೇ ತರಗತಿಯ ಮಗು ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಓದುವ ಹಾಗೆ.