ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಹಾರಾಟದ ವೇಳೆಯನ್ನು ನಾನೇ ಲೆಕ್ಕ ಹಾಕಿದ ಬಗೆ

ವಿಮಾನ ಸಂಸ್ಥೆಯೇ ವೇಳಾಪಟ್ಟಿ ಕೊಡುವಾಗ ನಿಮಗೇಕೆ ಈ ಉಸಾಬರಿ ಎಂದು ಟಿಕೆಟ್ ವ್ಯವಹಾರದಲ್ಲಿರುವ ನನ್ನ ಗೆಳೆಯರು ನಕ್ಕಿದ್ದರು. ಆದರೆ ಮಗಳ ಬಾಣಂತನಕ್ಕೆ ಹೊರಡುವ ತಂದೆ ತಾಯಿ ಆರು ತಿಂಗಳು ಮೊದಲೇ ಟಿಕೆಟ್ ಕೇಳಿಕೊಂಡು ನನ್ನ ಬಳಿ ಬಂದು ಕೂರುತ್ತಾರೆ, ಆಗ ವೇಳಾಪಟ್ಟಿ ಪಕ್ಕಾ ಆಗಿರುವುದಿಲ್ಲ. ಹಾಗಾಗಿ ಎಕ್ಸೆಲ್‌ನಲ್ಲಿ ನನ್ನದೇ ಒಂದು ಹಾಳೆ ಮಾಡಿಕೊಂಡೆ.

ಮೊದಲ ದಿನ ಅದು ತೋರಿಸಿದ ದೂರ 5,180 ಕಿ.ಮೀ. ಪಶ್ಚಿಮ ರೇಖಾಂಶವಾದ 122.4ರ ಹಿಂದೆ ಋಣ ಚಿಹ್ನೆ ಹಾಕಲು ಮರೆತಿದ್ದೆ. ಹಾಳೆಯು ಸ್ಯಾನ್ ಫ್ರಾನ್ಸಿಸ್ಕೊವನ್ನು ಚೀನಾದ ಶಾಂಡೊಂಗ್ ಕರಾವಳಿಯಾಚೆಯ ಸಮುದ್ರದಲ್ಲಿ ಇಳಿಸಿತ್ತು. ತಿದ್ದಿದ ಮೇಲೆ 13,990 ಬಂತು. ಆದರೂ ನಂಬಿಕೆಯಾಗದೆ ಮಗನ ಗ್ಲೋಬಿನ ಮೇಲೆ ಹೂ ಕಟ್ಟುವ ದಾರವನ್ನು ಬಿಗಿಯಾಗಿ ಹಿಡಿದು ಅಳೆದಾಗ ಸುಮಾರು 33 ಸೆಂ.ಮೀ. ಆಯಿತು, ಅಂದರೆ ಹೆಚ್ಚುಕಡಿಮೆ 14,000 ಕಿ.ಮೀ. ದಾರವು ಟಿಬೆಟ್, ಸೈಬೀರಿಯಾಗಳನ್ನು ದಾಟಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ ಅಲಾಸ್ಕದ ಮೇಲೆ ಇಳಿಯುತ್ತಿತ್ತು. ಅಷ್ಟು ಎತ್ತರದ ಟಿಬೆಟ್ ಪ್ರಸ್ಥಭೂಮಿಯ ಮೇಲೆ ತುರ್ತಾಗಿ ಕೆಳಗಿಳಿಯುವುದು ಕಷ್ಟವಾದ್ದರಿಂದ ವಿಮಾನಗಳು ಸಾಮಾನ್ಯವಾಗಿ ಅದರ ಮೇಲೆ ಹಾರದೆ ಸುತ್ತಿಕೊಂಡು ಹೋಗುತ್ತವೆ ಎಂಬುದನ್ನು ದಾರ ಹೇಳಲಿಲ್ಲ.

ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ಹದಿನೈದೂವರೆ ಗಂಟೆ ಎಂದುಕೊಂಡದ್ದೇ ನನ್ನ ದೊಡ್ಡ ತಪ್ಪು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವು ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಮೇಲೆ ಸುಮಾರು 15,300 ಕಿ.ಮೀ. ಹಾರಿ, ಹಿಂದಿನಿಂದ ನೂಕುವ ಗಾಳಿಯ ಬಲದಿಂದ ಸುಮಾರು 14.5 ಗಂಟೆಯಲ್ಲೇ ತಲುಪಿತ್ತು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿಗಿಳಿದ ಮೊದಲ ನೇರ ವಿಮಾನಕ್ಕೆ ಸುಮಾರು 17 ಗಂಟೆ ಹಿಡಿಯಿತು. (ಎರಡು ದಿನದ ಪ್ರಯಾಣವೇ ಎಂದು ಗಾಬರಿಯಾದವರಿಗೆ ಎರಡೂ ಊರಿನ ಗಡಿಯಾರಗಳ ನಡುವಿನ ಹದಿಮೂರೂವರೆ ಗಂಟೆಯ ವ್ಯತ್ಯಾಸವನ್ನು ವಿವರಿಸಿ ನನ್ನ ಗಂಟಲು ಒಣಗಿದೆ.) ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ, ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ವೇಗ ಹಿಡಿದು, ತಿಂಗಳಿಗೊಂದು ಗಾಳಿಯ ತಿದ್ದುಪಡಿ ಸೇರಿಸಿದೆ. ಆ ಹನ್ನೆರಡು ಅಂಕಿಗಳನ್ನು ಇಲ್ಲಿ ಬರೆಯಲಾರೆ. ನಾಲ್ಕು ವರ್ಷ ದಿನವೂ ವಿಮಾನಗಳು ಇಳಿದ ಹೊತ್ತು ಬರೆದಿಟ್ಟು ಸಂಪಾದಿಸಿದವು ಅವು.

ಇಷ್ಟಾದರೂ ಒಂದು ಮಾರ್ಚ್‌ನಲ್ಲಿ ಕೈ ಸುಟ್ಟುಕೊಂಡೆ. ಅಮೆರಿಕದಲ್ಲಿ ಆ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗಿ, ನಮಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಇರುವ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಹಾಳೆಯಲ್ಲಿ ಹಳೆಯ ವ್ಯತ್ಯಾಸವೇ ಉಳಿದಿತ್ತು. ವೃದ್ಧ ದಂಪತಿಗೆ ಪೋರ್ಟ್‌ಲ್ಯಾಂಡಿಗೆ ಪ್ರತ್ಯೇಕವಾಗಿ ತೆಗೆದುಕೊಟ್ಟಿದ್ದ ಮುಂದಿನ ವಿಮಾನ ಅವರ ಕಣ್ಣೆದುರೇ ಹೊರಟುಹೋಯಿತು. ಹೊಸ ಟಿಕೆಟ್, ರಾತ್ರಿಯ ಹೋಟೆಲ್ ಸೇರಿ ನನ್ನ ಕೈಯಿಂದ ಸುಮಾರು 45 ಸಾವಿರ ರೂಪಾಯಿ ಹೋಯಿತು.

ಈಗ ಹಾಳೆಯು ದಿನಾಂಕ ನೋಡಿ ವ್ಯತ್ಯಾಸವನ್ನು ತಾನೇ ಬದಲಿಸಿಕೊಳ್ಳುತ್ತದೆ. ಕಳೆದ ಬಾರಿ 16 ಗಂಟೆ 5 ನಿಮಿಷ ಎಂದು ಬರೆದುಕೊಟ್ಟಿದ್ದ ಹಾರಾಟ ಹತ್ತು ನಿಮಿಷ ಮೊದಲೇ ಮುಗಿಯಿತು. ನಕ್ಕವರಲ್ಲಿ ಒಬ್ಬರು ಹಾಳೆಯ ಪ್ರತಿ ಕೇಳಿದರು. ಗಾಳಿಯ ಅಂಕಣವನ್ನು ಅಳಿಸಿ ಕಳುಹಿಸಿದ್ದೇನೆ.